ನಂದಿದ ಮನೆಗಳ ಹಾಳೆ

ಹೊಳೆಯ ದಂಡೆಯ ಮೇಲೆ ಒಂದು ಮಣ್ಣಿನ ಮನೆ. ಅದರಲ್ಲಿ ಕಲ್ಲವ್ವ ಎಂಬ ಹೆಳವರ ಮುದುಕಿ ಇದ್ದಳು. ಎಲ್ಲರೂ ಅವಳನ್ನು ಆಯಿ ಎಂದು ಕರೆಯುತ್ತಿದ್ದರು.

ಹೆಳವರೆಂದರೆ ಮನೆತನಗಳ ನೆನಪು ಕಾಯುವವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಊರೂರಿಗೆ ಹೋಗುತ್ತಾರೆ. ಒಂದೊಂದು ಮನೆಯ ಮುಂದೆಯೂ ಆ ಮನೆಯ ಹಿರಿಯರ ಹೆಸರುಗಳನ್ನು, ತಲೆಮಾರಿನ ಮೇಲೆ ತಲೆಮಾರು, ಹಾಡಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಕೊಟ್ಟ ಕಾಳು ತೆಗೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ.

ಆಯಿಯ ಗಂಡ ಹಾಡುತ್ತಿದ್ದ. ಬರೆಯುತ್ತಿದ್ದವಳು ಆಯಿ. ಗಂಡ ತೀರಿಕೊಂಡ ಮೇಲೆ ಹೊತ್ತಿಗೆಗಳು ಅವಳ ಬಳಿ ಉಳಿದವು.

ಆ ವಿದ್ಯೆ ಕಲಿಯಲು ಅವಳ ಬಳಿಗೆ ತಿಪ್ಪಣ್ಣ ಬಂದ. ಮೂವತ್ತು ದಾಟಿದ ಹೆಳವರ ಗಂಡಸು. ಅವನ ಗಂಟಲು ಚೆನ್ನಾಗಿತ್ತು, ಅಕ್ಷರ ಇನ್ನೂ ಚೆನ್ನಾಗಿತ್ತು. ಎರಡೂ ಅವನಿಗೆ ಗೊತ್ತಿತ್ತು.

ಮೂರು ವರ್ಷ ಅವಳ ಜೊತೆ ಊರೂರು ಸುತ್ತಿ ಹಾಡಿ ಕಲಿತ. ನಾಲ್ಕನೆಯ ವರ್ಷ ಆಯಿ ಹೇಳಿದಳು, “ಈ ಸಲ ನೀ ಒಬ್ಬನ ಹೋಗು.”

ತಿಪ್ಪಣ್ಣ ಹೊತ್ತಿಗೆಗಳನ್ನೆಲ್ಲ ಹೊರಗೆ ತೆಗೆದು ಕಟ್ಟಿದ. ಮೂರು ದೊಡ್ಡ ಗಂಟುಗಳಾದವು. ಮನೆಯಲ್ಲಿ ಈಗ ಉಳಿದಿದ್ದದ್ದು ಒಂದೇ ಎತ್ತು.

“ಆಯಿ, ಇಷ್ಟು ಹೊರೂದಿಲ್ಲ ಅದು. ಏನು ಮಾಡ್ಲಿ?”

“ಅಡಗಿಮನಿ ಖಾಲಿ ಮಾಡು.”

“ನಾ ಕೇಳಿದ್ದು ಹೊತ್ತಿಗಿ ಸುದ್ದಿ.”

“ಕಿವಿ ಚಲೋ ಅದಾವ ನನ್ನವು. ಅಡಗಿಮನಿ ಖಾಲಿ ಮಾಡು.”

ತಿಪ್ಪಣ್ಣ ಅಡುಗೆಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹರಡಿದ. ನಲವತ್ತು ವರ್ಷದ ಸಂಸಾರ ಬಿಸಿಲಿಗೆ ಬಂತು. ಐದು ಸೌಟು. ಗಡಿಗೆಯಿಲ್ಲದ ಮೂರು ಮುಚ್ಚಳ. ತಳ ಹರಿದ ಸಾಣಿಗೆ. ಕಿವಿ ಮುರಿದ ಬೋಗುಣಿ. ಏನೇನೋ ಡಬ್ಬಿಗಳು.

“ಮುಚ್ಚಳ ಐತಿ, ಇದರ ಗಡಿಗಿ ಇಲ್ಲ,” ಎಂದ.

“ಗಡಿಗಿ ಒಡದು ಹನ್ನೆರಡು ವರ್ಷ ಆತು. ಮುಚ್ಚಳ ಇನ್ನೂ ದಾರಿ ಕಾಯಾಕತ್ತೈತಿ. ಬಿಸಾಕು.”

ಅವಳು ಒಂದೊಂದೇ ಎತ್ತಿ ನೋಡಿದಳು. ಸೌಟು ಎರಡು ಸಾಕೆಂದಳು. ಸಾಣಿಗೆ ತಿಪ್ಪೆಗೆ ಹೋಯಿತು. ಹೋಳಿಗೆಯ ಹಂಚು ವರ್ಷಕ್ಕೆ ಎರಡು ಸಲ ಬೇಕಾಗುವುದೆಂದು ಅಟ್ಟಕ್ಕೆ ಹೋಯಿತು. ಒಂದು ಹಿತ್ತಾಳೆ ತಂಬಿಗೆ ಸಿಕ್ಕಿತು.

“ಇದು ನಮ್ಮದಲ್ಲ. ಆಚಿ ಓಣಿ ಫಕೀರವ್ವಂದು. ಆಕಿ ಹೋಗಿ ಎಷ್ಟೋ ವರ್ಷ ಆತು. ಮಗಳಿಗೆ ಕೊಟ್ಟು ಬಾ.”

ತಿಪ್ಪಣ್ಣ ಒಂದು ತುಕ್ಕಿನ ಡಬ್ಬಿಯನ್ನು ತಿಪ್ಪೆಯ ಕಡೆ ಎಸೆದಿದ್ದ. ಆಯಿ ಹೋಗಿ ಎತ್ತಿಕೊಂಡು ಬಂದಳು.

“ತೆರದು ನೋಡಿದಿ?”

“ಅಲ್ಲಾಡಿಸಿ ನೋಡಿದೆ. ಸಪ್ಪಳ ಬರಲಿಲ್ಲ.”

ಅವಳು ಮುಚ್ಚಳ ತೆಗೆದಳು. ಒಳಗೆ ಅರಳೆಯಲ್ಲಿ ಸುತ್ತಿಟ್ಟ ಸೋರೆಯ ಬೀಜಗಳಿದ್ದವು. ಅವನ್ನು ಸೆರಗಿಗೆ ಕಟ್ಟಿಕೊಂಡಳು.

ಸಂಜೆಯ ಹೊತ್ತಿಗೆ ಅರ್ಧ ಅಂಗಳ ತಿಪ್ಪೆಗೆ ಹೋಗಿತ್ತು. ಅಡುಗೆಮನೆಯಲ್ಲಿ ಇಬ್ಬರು ನಿಲ್ಲುವಷ್ಟು ಜಾಗವಾಗಿತ್ತು.

“ಅರ್ಥ ಆತು, ಆಯಿ,” ಎಂದ ತಿಪ್ಪಣ್ಣ.

“ಆತೇನು? ಇಷ್ಟು ಲಗೂನ?”

“ಬಳಕಿ ಇಲ್ಲದ್ದು ಹೊರಗ ಹಾಕಬೇಕು.”

ಆಯಿ ಅವನ ಮುಖವನ್ನು ಒಂದು ಗಳಿಗೆ ನೋಡಿ ಒಲೆ ಹೊತ್ತಿಸಲು ಹೋದಳು.

ಮರುದಿನ ಬೆಳಿಗ್ಗೆ ತಿಪ್ಪಣ್ಣ ಹೊತ್ತಿಗೆಗಳ ಮುಂದೆ ಕುಳಿತ. ಊರಿನ ಪ್ರಕಾರ ಇದ್ದ ಕಟ್ಟುಗಳನ್ನು ಬಿಚ್ಚಿ, ಉದ್ದದ ಹಾಳೆ ಒಂದು ಕಡೆ, ಗಿಡ್ಡ ಹಾಳೆ ಒಂದು ಕಡೆ ಜೋಡಿಸಿದ. ಅಂಚುಗಳು ಸರಿಯಾಗಿ ಕೂತವು. ಹೊಸ ಬಟ್ಟೆಯಲ್ಲಿ ಕಟ್ಟಿದ. ನೋಡಲು ಚೆಂದ ಕಾಣಿಸಿತು.

ಹಾಗೆ ಜೋಡಿಸುವಾಗ ಒಂದು ವಿಷಯ ಅವನ ಕಣ್ಣಿಗೆ ಬಿತ್ತು. ಕೆಲವು ಮನೆಗಳ ಹಾಳೆಯ ಕೊನೆಯಲ್ಲಿ “ದೀಪ ನಂದಿತು” ಎಂದು ಬರೆದಿತ್ತು. ಆ ಮನೆಯಲ್ಲಿ ಯಾರೂ ಉಳಿದಿಲ್ಲ ಎಂದು ಅದರ ಅರ್ಥ. ಆ ಮನೆಗಳ ಮುಂದೆ ಇನ್ನು ಯಾರೂ ಹಾಡುವುದಿಲ್ಲ. ಹಾಡಿದರೂ ಕೇಳುವವರಿಲ್ಲ.

ಅವನು ಆ ಹಾಳೆಗಳನ್ನೆಲ್ಲ ಆರಿಸಿ ತೆಗೆದ.

ಸವೆದ ಹಾಳೆಯನ್ನು ಪ್ರತಿ ಮಾಡಿಕೊಂಡ ಮೇಲೆ ಹಳೆಯದನ್ನು ಹೊಳೆಗೆ ಬಿಡುವುದು ಆ ಮನೆಯ ಪದ್ಧತಿ. ತಿಪ್ಪಣ್ಣನೂ ಹೊಳೆಗೇ ಬಿಟ್ಟ. ಪ್ರತಿ ಮಾತ್ರ ಮಾಡಿರಲಿಲ್ಲ.

ಒದ್ದೆ ಕೈಯಲ್ಲಿ ಅವನು ಮರಳಿದಾಗ ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಹೊಳಿಗೆ ಏನು ಬಿಟ್ಟಿ?”

“ನಂದಿದ ಮನಿ ಹಾಳಿ.”

“ಎಷ್ಟು?”

“ಇಪ್ಪತ್ತೇಳು.”

ಆಯಿಯ ಕೈ ಮೊರದ ಮೇಲೆ ನಿಂತಿತು.

“ಓದಿದಿ?”

“ಕಡೀ ಸಾಲು ಓದಿದೆ.”

ಅವಳು ಹೊಳೆಯ ಕಡೆ ನೋಡಿದಳು. ನೀರು ಬೇಗ ಹರಿಯುತ್ತಿತ್ತು. ಮತ್ತೆ ಜೋಳದಲ್ಲಿ ಕಲ್ಲು ಹುಡುಕತೊಡಗಿದಳು.

ತಿಪ್ಪಣ್ಣ ಕುಳಿತು ಕೆಂಪು ಸೀಸದ ಕಡ್ಡಿ ತೆಗೆದ. ಉಳಿದ ಹಾಳೆಗಳಲ್ಲಿ ಅಲ್ಲಲ್ಲಿ ಗೆರೆ ಎಳೆಯತೊಡಗಿದ. ಮಧ್ಯಾಹ್ನದವರೆಗೆ ಎಳೆದ.

“ಅದೇನು?” ಎಂದಳು ಆಯಿ.

“ಹೆಣ್ಣುಮಕ್ಕಳ ಸಾಲು. ಪ್ರತಿ ಮಾಡುವಾಗ ಇವನ್ನ ಬಿಡ್ತೀನಿ. ಅರ್ಧ ಭಾರ ಇದ ಐತಿ. ಬ್ಯಾರೆ ಹೆಳವರು ಯಾರೂ ಇಷ್ಟು ಬರಿಯೂದಿಲ್ಲ. ಕೊಟ್ಟ ಹೆಣ್ಣು ಆ ಮನೀಕಿ, ಈ ಮನೀಕಿ ಅಲ್ಲ.”

“ನನ್ನ ಗಂಡನೂ ಹಂಗ ಅಂತಿದ್ದ.”

“ಮತ್ತ ನೀವು?”

“ಹೂಂ ಅಂತಿದ್ದೆ. ಬರೀತಿದ್ದೆ.”

ತಿಪ್ಪಣ್ಣ ನಕ್ಕ.

“ಪ್ರತಿ ಮಾಡೂದು ಇವತ್ತು ಬ್ಯಾಡ,” ಎಂದಳು ಆಯಿ. “ಹಿತ್ತಲ ಗುಡಸು. ಕಸಬರಿಗಿ ಹಿಡದವರಿಗೆ ವಿಚಾರ ಮಾಡಾಕ ವ್ಯಾಳ್ಯಾ ಸಿಗತೈತಿ.”

ಅವನು ಹಿತ್ತಲು ಗುಡಿಸುತ್ತಿದ್ದಾಗ ಇಬ್ಬರು ಹೆಂಗಸರು ಬಂದರು. ಒಬ್ಬಳಿಗೆ ಐವತ್ತರ ಸುಮಾರು, ಹೆಸರು ಪಾರವ್ವ. ಜೊತೆಗಿದ್ದವಳು ಅವಳ ಸಾಕುಮಗಳು, ಹೂವಕ್ಕ. ದೂರದಿಂದ ನಡೆದು ಬಂದಿದ್ದರು.

ನೀರು ಕುಡಿದ ಮೇಲೆ ಪಾರವ್ವ ಹೇಳಿದಳು, “ಈಕೀದು ಮದುವಿ ನಿಂತೈತ್ರಿ. ನಿಮ್ಮ ಒಂದು ಮಾತು ಬೇಕಾಗೈತಿ.”

“ಕೂಡ್ರಿ. ಹೇಳ್ರಿ.”

“ಈಕಿ ಎರಡು ವರ್ಷದ ಕೂಸು ಇದ್ದಾಗ ನೀರಲಕೊಪ್ಪಕ್ಕ ಬ್ಯಾನಿ ಬಂತು. ನನ್ನ ಗಂಡ ಗಾಡಿ ಹೊಡಕೊಂಡು ಆ ಊರ ಮ್ಯಾಲೆ ಹೊಂಟಿದ್ದ. ಕೂಸು ಚಾವಡಿ ಕಟ್ಟಿ ಮ್ಯಾಲ ಕುಂತಿತ್ತಂತ. ಬಸವಂತನ ಕೂಸು, ಆ ಮನ್ಯಾಗ ಯಾರೂ ಉಳಿದಿಲ್ಲ, ಒಯ್ದು ಸಾಕಿಕೋ ಅಂದರಂತ. ತಂದ. ನಮಗೂ ಮಕ್ಕಳಿರಲಿಲ್ಲ.”

“ಆ ಊರು ಈಗ ಇಲ್ಲ.”

“ಇಲ್ಲರಿ. ಉಳದವರು ದಿಕ್ಕಾಪಾಲಾದರು. ಜಾಲಿ ಬೆಳದೈತಿ. ಕೇಳಾಕ ಒಬ್ಬರಿಲ್ಲ.”

ವರನ ಮನೆಯವರು ಬೆಳ್ಳಿ ಬೆಡಗಿನವರು. ಬೆಡಗು ಎಂದರೆ ವಂಶದ ಗುರುತು, ಹೆತ್ತ ತಂದೆಯಿಂದ ಬರುತ್ತದೆ. ಒಂದೇ ಬೆಡಗಿನವರು ಅಣ್ಣ ತಂಗಿ ಇದ್ದ ಹಾಗೆ, ಅವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ಹೂವಕ್ಕನ ತಂದೆಯ ಬೆಡಗು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಸೋಮವಾರದೊಳಗೆ ತಿಳಿದು ಬಂದರೆ ಸರಿ, ಇಲ್ಲದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ವರನ ಕಡೆಯ ಹಿರಿಯರು ಹೇಳಿದ್ದರು. ಅಂದು ಗುರುವಾರ.

“ಹುಡುಗ ಹೆಂಗ?” ಎಂದು ಆಯಿ ಹೂವಕ್ಕನನ್ನು ಕೇಳಿದಳು.

“ಮಾತು ಕಡಿಮಿರಿ.”

“ಅಷ್ಟು ಇದ್ದರ ಸಾಕು. ಉಳದದ್ದು ನೀ ಕಲಿಸು.”

ಹೂವಕ್ಕ ನಕ್ಕು ತಲೆ ತಗ್ಗಿಸಿದಳು.

ಆಯಿ ಹಿತ್ತಲಿನ ಬಾಗಿಲ ಕಡೆ ನೋಡಿದಳು. ತಿಪ್ಪಣ್ಣ ಕಸಬರಿಗೆ ಹಿಡಿದು ಅಲ್ಲೇ ನಿಂತಿದ್ದ. ಅವನಿಗೆ ನೀರಲಕೊಪ್ಪದ ಹಾಳೆ ನೆನಪಿತ್ತು. ಮೂಲೆ ಸುಟ್ಟಂತೆ ಕಂದಾಗಿತ್ತು. ಕೊನೆಯ ಸಾಲು ಮಾತ್ರ ಓದಿದ್ದ: ಬಸವಂತನ ಮನೆ, ದೀಪ ನಂದಿತು.

“ತಿಪ್ಪಣ್ಣ, ಹೇಳು,” ಎಂದಳು ಆಯಿ.

“ಆ ಮನಿ ಹಾಳಿ ಇಲ್ಲ.”

“ಇಲ್ಲ ಅಂದ್ರ?”

ಅವನು ಕಸಬರಿಗೆಯನ್ನು ಗೋಡೆಗೆ ಒರಗಿಸಿದ. “ಮುಂಜಾನೆ ಇತ್ತು. ನಾನು ಹೊಳಿಗೆ ಬಿಟ್ಟೆ.”

“ಅದರಾಗ ನಮ್ಮವ್ವನ ಹೆಸರು ಇತ್ತೇನ್ರಿ?” ಎಂದು ಹೂವಕ್ಕ ಕೇಳಿದಳು.

“ಗೊತ್ತಿಲ್ಲ, ತಂಗಿ. ಓದಲಿಲ್ಲ.”

ಪಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಿಪ್ಪಣ್ಣ ಆಯಿಯ ಮುಂದೆ ಬಂದು ಕುಳಿತ.

“ಆಯಿ, ನಿಮಗ ಬಾಯಿಪಾಠ ಇರಬೇಕು. ಬಸವಂತನ ಬೆಡಗು ಯಾವುದು? ಹೇಳಿಬಿಡ್ರಿ.”

“ನೆನಪು ಐತಿ ಅನಸತೈತಿ.”

“ಮತ್ತ ಹೇಳ್ರಿ.”

“ಅನಸಿದ್ದನ್ನ ಹೇಳೂದಿಲ್ಲ. ತಪ್ಪಿದರ ಅಣ್ಣನ ಕೈಲೆ ತಂಗಿಗೆ ತಾಳಿ ಕಟ್ಟಿಸಿದಂಗ ಆಗತೈತಿ.”

“ಹಂಗಾದರ ನಿನ್ನೆ ನೀವು ಕಲಿಸಿದ್ದು ಏನು? ಬಳಕಿ ಇಲ್ಲದ್ದನ್ನ ನೀವೂ ಒಗದ್ರಿ.”

“ಒಗದೆ. ಸಾಣಗಿ ನಂದು.” ಆಯಿ ದನಿ ಏರಿಸಲಿಲ್ಲ. “ಹಾಳಿ ಯಾರ್ದು?”

ತಿಪ್ಪಣ್ಣ ನೆಲ ನೋಡಿದ.

ಆಯಿಯೇ ಮತ್ತೆ ಕೇಳಿದಳು, “ಬಸವಂತನ ಹೆಂಡತಿ ಆಕಾಶದಿಂದ ಬಿದ್ದಿದ್ಲೇನು?”

“ಅಲ್ಲ.”

“ಯಾವುದೋ ಮನ್ಯಾಗ ಹುಟ್ಟಿದಾಕಿ. ಆ ಮನಿ ಹಾಳ್ಯಾಗ ಏನು ಬರದಿರಬೇಕು?”

ತಿಪ್ಪಣ್ಣ ತಲೆ ಎತ್ತಿದ. ಇಂಥ ಮಗಳನ್ನು ಇಂಥ ಊರಿನ, ಇಂಥ ಬೆಡಗಿನ, ಇಂಥವನಿಗೆ ಕೊಟ್ಟದ್ದು. ಆಯಿ ಬರೆದ ಹಾಳೆಗಳಲ್ಲಿ ಪ್ರತಿಯೊಬ್ಬ ಹೆಣ್ಣುಮಗಳ ಮುಂದೆಯೂ ಆ ಸಾಲಿತ್ತು. ಬೆಳಿಗ್ಗೆಯಿಂದ ಅವನು ಕೆಂಪು ಗೆರೆ ಎಳೆದದ್ದು ಆ ಸಾಲುಗಳ ಮೇಲೆಯೇ.

“ಯಾವ ಮನಿ, ಆಯಿ?”

“ಅದು ಗೊತ್ತಿದ್ದರ ನಿನ್ನ ಯಾಕ ಕೇಳಲಿ? ಮೂರು ಸಾವಿರ ಮನಿ ಅದಾವ. ನೀರಲಕೊಪ್ಪಕ್ಕ ಹೆಣ್ಣು ಕೊಡೂ ಊರು ಹತ್ತೋ ಹನ್ನೆರಡೋ. ಆ ಊರಿನ ಕಟ್ಟು ತಗೀ.”

ತಿಪ್ಪಣ್ಣ ಅಲುಗಾಡಲಿಲ್ಲ.

“ಏನಾತು?”

“ಊರಿನ ಕಟ್ಟು ಈಗ ಇಲ್ಲ. ಉದ್ದಂದು ಉದ್ದದ ಕೂಡ, ಗಿಡ್ಡಂದು ಗಿಡ್ಡದ ಕೂಡ ಇಟ್ಟೀನಿ.”

ಆಯಿ ಎದ್ದು ಒಳಗೆ ಹೋಗಿ ಹೊಸ ಬಟ್ಟೆಯ ಗಂಟುಗಳನ್ನು ನೋಡಿದಳು. ಅಂಚುಗಳ ಮೇಲೆ ಕೈಯಾಡಿಸಿದಳು.

“ಭಾಳ ಚಂದ ಐತಿ,” ಎಂದಳು. “ಹುಡುಕು.”

ಹೂವಕ್ಕ ಏಳನೆಯ ತರಗತಿಯವರೆಗೆ ಓದಿದ್ದಳು. ಅವಳೂ ಒಂದು ಗಂಟು ಬಿಚ್ಚಿಕೊಂಡು ಕುಳಿತಳು. ಪಾರವ್ವನಿಗೆ ಓದು ಬರುತ್ತಿರಲಿಲ್ಲ. ಅವಳು ನೋಡಿ ಮುಗಿದ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು, ತಿಪ್ಪಣ್ಣ ಊರು ಹೇಳಿದ ಹಾಗೆ ಬೇರೆ ಬೇರೆ ಗುಡ್ಡೆ ಮಾಡಿದಳು. ಹಾರಬಾರದೆಂದು ಗುಡ್ಡೆಗೊಂದು ಕಲ್ಲಿಟ್ಟಳು.

ಗುರುವಾರ ಕಳೆಯಿತು. ಶುಕ್ರವಾರವೂ ಕಳೆಯಿತು.

ಶುಕ್ರವಾರ ಸಂಜೆ ಪಾರವ್ವ ಹೇಳಿದಳು, “ಸಿಗಲಿಲ್ಲಂದ್ರ ಬಿಡು ಮಗಳ. ಬ್ಯಾರೆ ವರ ನೋಡಿದರಾತು.”

“ವರ ಬ್ಯಾರೆ ನೋಡಬಹುದು ಬೇ,” ಎಂದಳು ಹೂವಕ್ಕ. “ಹಡದಾಕಿನ್ನ ಬ್ಯಾರೆ ನೋಡಾಕ ಆಗತೈತೇನು?”

ಪಾರವ್ವ ಗುಡ್ಡೆಗಳ ಮೇಲಿನ ಕಲ್ಲುಗಳನ್ನು ಸರಿ ಮಾಡಿದಳು.

ತಿಪ್ಪಣ್ಣ ಆ ಎರಡು ದಿನದಲ್ಲಿ ಒಂದೊಂದು ಹಾಳೆಯನ್ನೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಕೆಂಪು ಗೆರೆಯ ಕೆಳಗಿನ ಅಕ್ಷರಗಳನ್ನು ಬೆರಳಿಟ್ಟು ಓದಿದ. ಮೂರು ವರ್ಷ ಹಾಡಿದ ಮನೆಗಳಲ್ಲಿ ಇಷ್ಟು ಜನ ಹೆಣ್ಣುಮಕ್ಕಳಿದ್ದರೆಂದು ಅವನಿಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹೂವಕ್ಕ ಓದುತ್ತಿದ್ದವಳು ನಿಂತಳು. ಮತ್ತೆ ಅದೇ ಸಾಲನ್ನು ಗಟ್ಟಿಯಾಗಿ ಓದಿದಳು.

“ಮೂರನೆಯ ಮಗಳು ದೇವಕ್ಕ. ಈಕೆಯನ್ನು ನೀರಲಕೊಪ್ಪದ ಸಾಮಂತಿ ಬೆಡಗಿನ ಬಸವಂತನಿಗೆ ಕೊಟ್ಟದ್ದು.”

ಮೇಲೆ ಕೆಂಪು ಗೆರೆ ಇತ್ತು. ಅಕ್ಷರ ಮಾಸಿರಲಿಲ್ಲ.

“ಸಾಮಂತಿ,” ಎಂದಳು ಪಾರವ್ವ. “ಬೆಳ್ಳಿ ಅಲ್ಲ. ಅಲ್ಲರಿ ಆಯಿ?”

“ಅಲ್ಲ. ಮದುವಿ ಮಾಡ್ರಿ.”

ಹೂವಕ್ಕ ಮದುವೆಯ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. “ದೇವಕ್ಕ,” ಎಂದಳು. ಸ್ವಲ್ಪ ತಡೆದು ಇನ್ನೊಮ್ಮೆ ಅಂದಳು.

ಆಯಿ ಹಾಳೆಯನ್ನು ಕೈಗೆ ತೆಗೆದುಕೊಂಡಳು. “ನಾಕನೇ ಸಾಲು ಓದು, ತಿಪ್ಪಣ್ಣ.”

“ಮಗ ಚೆನ್ನಮಲ್ಲ. ಇವನು ಮನೆಯಲ್ಲಿರುವನು.”

“ಹೋದ ವರ್ಷ ಈ ಮನಿ ಮುಂದ ನೀನ ಹಾಡಿದಿ. ಎರಡು ಸೇರು ಜ್ವಾಳ ಕೊಟ್ಟ ಅಂತ ಹೊಗಳಿದಿ. ಅವನ ಈಕಿ ಸೋದರಮಾವ. ಅಕ್ಕನ ಮನಿ ಪೂರಾ ಹೋತು ಅಂತ ಅವರೂ ತಿಳದಾರ.”

ಪಾರವ್ವ ಮಗಳ ಕಡೆ ನೋಡಿದಳು. “ಇನ್ನ ಅವರ ಮನಿಗೇ ಹೋಗ್ತೀಯೇನು?”

“ಹೋಗೂಣು,” ಎಂದಳು ಹೂವಕ್ಕ. “ನೀ ಮುಂದ ನಡಿ. ನನಗ ಅವರ ಗುರುತಿಲ್ಲ.”

ಅಂದೇ ಇಬ್ಬರೂ ಹೊರಟರು. ದಾರಿಗೆ ಆಯಿ ರೊಟ್ಟಿ ಕಟ್ಟಿಕೊಟ್ಟಳು.

ತಿಪ್ಪಣ್ಣ ಹೊಸ ಹಾಳೆ ತೆಗೆದು ಬರೆದ: ನೀರಲಕೊಪ್ಪ. ಸಾಮಂತಿ ಬೆಡಗು. ಬಸವಂತ. ಹೆಂಡತಿ ದೇವಕ್ಕ. ಮಗಳು ಹೂವಕ್ಕ. ಅದರ ಮೇಲೆ ಇರಬೇಕಾದ ಹಿರಿಯರ ಹೆಸರುಗಳಿಗೆ ಜಾಗ ಬಿಟ್ಟ. ಆ ಹೆಸರುಗಳು ಅವನಿಗೆ ಗೊತ್ತಿರಲಿಲ್ಲ.

“ಉಳದ ಇಪ್ಪತ್ತಾರು ಮನಿ?” ಎಂದ.

ಆಯಿ ಅವನಿಗೆ ಒಂದು ಬರಿಯ ಹೊತ್ತಿಗೆ ಕೊಟ್ಟಳು. “ಆ ಮನಿಗೆ ಹೆಣ್ಣು ಕೊಟ್ಟವರು ಇರ್ತಾರ. ತಂದವರು ಇರ್ತಾರ. ಕೇಳಕೋತ ಹೋಗು.”

“ಎಷ್ಟು ವರ್ಷ ಹಿಡೀಬಹುದು?”

“ಬಿಡಾಕ ಎಷ್ಟು ಹೊತ್ತು ಹಿಡೀತು?”

ಮುಂದಿನ ವಾರವೆಲ್ಲ ಅವನು ಗಂಟುಗಳನ್ನು ಮತ್ತೆ ಊರಿನ ಪ್ರಕಾರ ಕಟ್ಟಿದ. ಕೆಂಪು ಗೆರೆಗಳನ್ನು ಒಂದೊಂದೇ ಅಳಿಸಿದ. ಗಂಟುಗಳು ಮೂರೇ ಉಳಿದವು.

“ಭಾರ ಇದ್ದಷ್ಟ ಐತಿ, ಆಯಿ. ಒಂದು ಹೊತ್ತಿಗಿ ಹೆಚ್ಚಾತು.”

“ಪ್ರತಿ ಮನಿಗೂ ಮೊದಲನೇ ಹಾಳಿ ಐತಲ್ಲ, ಅದನ್ನ ಓದು.”

ಅದು ತಿಪ್ಪಣ್ಣನ ಸ್ವಂತ ಬರಹ. ಆ ಮೂರು ವರ್ಷಗಳಲ್ಲಿ ಅವನು ಪ್ರತಿ ಮನೆಯ ಹಾಳೆಗೂ ಮುಂದೆ ಒಂದು ಹೊಗಳಿಕೆಯ ಹಾಳೆ ಸೇರಿಸಿದ್ದ. ಒಳ್ಳೆಯ ದಪ್ಪ ಕಾಗದ. ಅಂಚಿಗೆ ಬಳ್ಳಿಯ ಚಿತ್ರ.

ಅವನು ಗಂಟಲು ಸರಿ ಮಾಡಿಕೊಂಡು ಓದಿದ, “ಕೊಟ್ಟ ಕೈ ಕೆಳಗಿಳಿಯದ ಮನೆ, ಬಂದವರ ಹಸಿವ ಕಳೆದ ಮನೆ, ಸೂರ್ಯನ ತೇಜದ ಗಂಡುಗಳ ಮನೆ.”

ಆಯಿ ಆ ಹಾಳೆಯ ತಲೆಯಲ್ಲಿದ್ದ ಹೆಸರಿನ ಮೇಲೆ ಅಂಗೈ ಇಟ್ಟಳು. “ಯಾವ ಮನಿ ಇದು?”

ತಿಪ್ಪಣ್ಣ ಯೋಚಿಸಿದ.

ಅವಳು ಇನ್ನೊಂದು ತೆಗೆದಳು. ಹೆಸರು ಮುಚ್ಚಿದಳು. “ಇದು?”

ಅದೂ ತಿಳಿಯಲಿಲ್ಲ. ಮೂರನೆಯದಕ್ಕೆ ಅವನೇ ಕೈ ಅಡ್ಡ ಹಿಡಿದ. “ಸಾಕು, ಆಯಿ.”

ಅವನು ಆ ಹಾಳೆಗಳನ್ನೆಲ್ಲ ಬಿಚ್ಚಿ ತೆಗೆದ. ಒಂದು ಪೂರ್ತಿ ಗಂಟಾಯಿತು.

“ಹೊಳಿಗೆ ಬಿಡ್ಲೇನು?”

“ಹೊಳಿ ಏನು ತಪ್ಪು ಮಾಡೈತಿ? ಹಂಡೆ ಒಲಿಗೆ ಹಾಕು. ಒಂದು ನಾಕು ದಿನ ಬಿಸಿನೀರು ಆಗತೈತಿ.”

ಹೊರಡುವ ದಿನ ಬಂತು. ಎತ್ತಿನ ಬೆನ್ನಿಗೆ ಎರಡೂ ಕಡೆ ಒಂದೊಂದು ಗಂಟು ಇಳಿಬಿಟ್ಟರು. ತಿಪ್ಪಣ್ಣ ನಡುವೆ ಕಂಬಳಿ ಹಾಸಿದ. ಹೆಳವರು ಎತ್ತಿನ ಮೇಲೆ ಕುಳಿತೇ ಊರೊಳಗೆ ಹೋಗುತ್ತಾರೆ, ಕುಳಿತೇ ಹಾಡುತ್ತಾರೆ. ಅವನ ಅಪ್ಪನೂ ಅಜ್ಜನೂ ಹಾಗೆಯೇ ಹೋದವರು. ಅವನು ರುಮಾಲು ಸುತ್ತಿಕೊಂಡು ಹತ್ತಿ ಕುಳಿತ.

ಎತ್ತು ಒಂದು ಹೆಜ್ಜೆ ಇಟ್ಟಿತು. ಮುಂಗಾಲು ನಡುಗಿತು. ನಿಂತಿತು.

ತಿಪ್ಪಣ್ಣ ಎರಡೂ ಗಂಟುಗಳನ್ನು ಮುಟ್ಟಿ ನೋಡಿದ. ಒಂದೊಂದು ಹಾಳೆಯನ್ನೂ ಈಗ ಅವನು ಬಲ್ಲವನಾಗಿದ್ದ.

“ಆಯಿ, ಇನ್ನೂ ಭಾರ ಐತಿ. ಇದರಾಗ ತಗಿಯುವಂಥಾದ್ದು ಏನೂ ಉಳಿದಿಲ್ಲ. ಏನು ತಗೀಲಿ?”

ಆಯಿ ಎತ್ತಿನ ಕೊರಳು ಸವರಿದಳು.

“ನೀ ಇಳಿ,” ಎಂದಳು.